ಹೀಟರ್‌ಗೆ ಸ್ಮಾರ್ಟ್ ಪ್ಲಗ್: ಆರಿಸೋಕೆ ಇರಲಿ, ದೂರದಿಂದ ಹಚ್ಚೋಕೆ ಬೇಡ

ಪ್ರಶ್ನೆ: ಸರ್, ನಾನು ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ಅಪ್ಪ ಅಮ್ಮ ದಾವಣಗೆರೆ ಪಿ.ಜೆ. ಬಡಾವಣೆಯ ನಮ್ಮ ಹಳೆಯ ಮನೆಯಲ್ಲಿದ್ದಾರೆ. ತಂಗಿ ಬಾಣಂತನಕ್ಕೆ ಬಂದಿದ್ದಾಳೆ, ಮಗುವಿಗೆ ಒಂದು ತಿಂಗಳು. ರಾತ್ರಿ ಚಳಿ ಜಾಸ್ತಿ ಅಂತ 2000 ವ್ಯಾಟಿನ ಫ್ಯಾನ್ ಹೀಟರ್ ತಂದುಕೊಟ್ಟಿದ್ದೇನೆ. ಅಮ್ಮ ಅದನ್ನು ಆಫ್ ಮಾಡೋದು ಮರೆಯುತ್ತಾರೆ. ಸ್ಮಾರ್ಟ್ ಪ್ಲಗ್ ಹಾಕಿ, ಇಲ್ಲಿಂದಲೇ ಫೋನಿನಲ್ಲಿ ನಾನು ಆನ್ ಆಫ್ ಮಾಡಬಹುದಾ? 10 ಆಂಪ್ ತರಲೋ 16 ಆಂಪ್ ತರಲೋ? ಗೀಸರ್‌ಗೂ ಬಕೆಟ್‌ಗೆ ಹಾಕುವ ಕಾಯಿಲ್‌ಗೂ ಇದನ್ನೇ ಬಳಸಬಹುದಾ? ಬಿಲ್ ಎಷ್ಟು ಬರುತ್ತದೆ?

ಉತ್ತರ: ಮನೆಯಲ್ಲಿ ಎಳೆ ಕೂಸು ಇರುವುದರಿಂದ ಮೊದಲು ನೇರವಾಗಿ ಹೇಳಿಬಿಡುತ್ತೇನೆ. ರೂಮ್ ಹೀಟರ್‌ಗೆ ಸ್ಮಾರ್ಟ್ ಪ್ಲಗ್, ಅಂದರೆ ಗೋಡೆಯ ಸಾಕೆಟ್‌ಗೂ ಹೀಟರ್‌ಗೂ ನಡುವೆ ಕೂತು ಫೋನಿನ ಆ್ಯಪ್‌ನಿಂದ ಆನ್ ಆಫ್ ಆಗುವ ಪ್ಲಗ್, ಹಾಕುವುದಾದರೆ ಅದು 16 ಆಂಪಿನದೇ ಆಗಿರಬೇಕು. ಅದರ ಕೆಲಸ ಇಷ್ಟು ಹೊತ್ತಾದ ಮೇಲೆ ಹೀಟರ್ ಆರಿಸುವುದು, ಅಷ್ಟೇ. ಬೆಂಗಳೂರಿನಲ್ಲಿ ಕೂತು ನೀವು ಅದನ್ನು ಆನ್ ಮಾಡಬೇಡಿ. ಗೀಸರ್‌ಗೆ ಕೆಲವು ಷರತ್ತುಗಳ ಮೇಲೆ ಹಾಕಬಹುದು. ಕಾಯಿಲ್‌ಗೆ ಮಾತ್ರ ಖಂಡಿತ ಬೇಡ.

ದೂರದಿಂದ ಆನ್ ಮಾಡಬೇಡಿ ಅಂತ ಯಾಕೆ ಹೇಳುತ್ತೇನೆ? ನಿಮ್ಮ ಹೀಟರ್ ಜೊತೆ ಬಂದ ಪುಸ್ತಕ ತೆಗೆದು ನೋಡಿ. ಟೈಮರ್, ರಿಮೋಟ್ ಅಥವಾ ಹೀಟರನ್ನು ತಾನಾಗಿ ಆನ್ ಮಾಡುವ ಬೇರೆ ಯಾವ ಸಾಧನದ ಜೊತೆಗೂ ಇದನ್ನು ಬಳಸಬೇಡಿ ಎಂಬ ಎಚ್ಚರಿಕೆ ರೂಮ್ ಹೀಟರ್‌ಗಳ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಇರುತ್ತದೆ. ಕಾರಣವನ್ನೂ ಅಲ್ಲೇ ಹೇಳಿರುತ್ತಾರೆ. ಹೀಟರ್ ಮೇಲೆ ಏನಾದರೂ ಮುಚ್ಚಿದ್ದರೆ, ಇಡಬಾರದ ಜಾಗದಲ್ಲಿ ಇಟ್ಟಿದ್ದರೆ ಬೆಂಕಿ ಹತ್ತಬಹುದು ಅಂತ. ಈ ಎಚ್ಚರಿಕೆ ಹೀಟರ್‌ಗಳ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡದಿಂದಲೇ ಬಂದದ್ದು. ಸುಮ್ನೆ ತಪ್ಪಿಸಿಕೊಳ್ಳಲು ಕಂಪನಿಯವರು ಬರೆದ ಸಾಲು ಅಂತ ತಿಳಿಯಬೇಡಿ.

ಬಾಣಂತಿ ಕೋಣೆಯನ್ನು ಒಮ್ಮೆ ಕಣ್ಮುಂದೆ ತಂದುಕೊಳ್ಳಿ. ಒಣಗದ ಲಂಗೋಟಿಗಳು ಕುರ್ಚಿಯ ಮೇಲೆ, ಮಂಚದ ಅಂಚಿನಲ್ಲಿ ಇರುತ್ತವೆ. ಸಂಜೆ ಹೀಟರ್ ಆಫ್ ಆಗಿರುವಾಗ ಯಾರೋ ಒಂದೆರಡನ್ನು ಅದರ ಮೇಲೇ ಹರಡುತ್ತಾರೆ. ಕಸ ಗುಡಿಸುವಾಗ ಹೀಟರನ್ನು ಪರದೆಯ ಪಕ್ಕಕ್ಕೆ ಸರಿಸಿರುತ್ತಾರೆ. ತೊಟ್ಟಿಲಿನ ಸೊಳ್ಳೆ ಪರದೆ ಅದರ ಮುಂದೆ ಜೋತಾಡುತ್ತಿರುತ್ತದೆ. ಇದರಲ್ಲಿ ಯಾರದ್ದೂ ತಪ್ಪಿಲ್ಲ, ಮನೆ ಅಂದರೆ ಹೀಗೇ ಇರುತ್ತದೆ. ಕೈಯಿಂದ ಸ್ವಿಚ್ ಹಾಕುವವರ ಕಣ್ಣಿಗೆ ಇದೆಲ್ಲ ಬೀಳುತ್ತದೆ. ನಿಮ್ಮ ಫೋನಿನ ಪರದೆಯಲ್ಲಿ ಒಂದು ಬಟನ್ ಬಿಟ್ಟರೆ ಏನೂ ಕಾಣುವುದಿಲ್ಲ. ಹಾಗಾಗಿ ಹೀಟರ್ ಆನ್ ಮಾಡುವವರು ಆ ಕೋಣೆಯಲ್ಲೇ ಇರಬೇಕು. ವಾರದ ವೇಳಾಪಟ್ಟಿ ಹಾಕಿ ಬೆಳಗಿನ ಜಾವ ತಾನಾಗಿ ಆನ್ ಆಗುವಂತೆ ಮಾಡುವುದೂ ಬೇಡ, ಮಾತಿನಲ್ಲಿ ಹೇಳಿ ಆನ್ ಮಾಡಿಸುವ ಸ್ಪೀಕರ್‌ಗೆ ಇದನ್ನು ಜೋಡಿಸುವುದೂ ಬೇಡ.

ಇನ್ನು ಆಂಪಿನ ಲೆಕ್ಕ. ನಮ್ಮ ಮನೆಗಳಿಗೆ ಬರುವ ಕರೆಂಟ್ 230 ವೋಲ್ಟಿನದು. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪ್ ಸಿಗುತ್ತದೆ. 2000 ವ್ಯಾಟ್ ಅಂದರೆ 8.7 ಆಂಪ್. 10 ಆಂಪಿನ ಪ್ಲಗ್ ಸಾಕಲ್ಲ ಅನ್ನಿಸುತ್ತದೆ, ಅಲ್ವಾ? ಆದರೆ ವೋಲ್ಟೇಜ್ ಯಾವಾಗಲೂ 230ರಲ್ಲೇ ನಿಲ್ಲುವುದಿಲ್ಲ. ರಾತ್ರಿ ಊರಿನ ಲೋಡ್ ಇಳಿದಾಗ ಕೆಲವು ಕಡೆ 250ರ ಹತ್ತಿರ ಹೋಗುತ್ತದೆ. ಆಗ ಅದೇ ಹೀಟರ್ ಸುಮಾರು 2360 ವ್ಯಾಟ್ ಎಳೆಯುತ್ತದೆ, ಕರೆಂಟ್ ಒಂಬತ್ತೂವರೆ ಆಂಪ್ ದಾಟುವ ಹೊತ್ತಿಗೆ ಬರುತ್ತದೆ. ಮಿಕ್ಸಿಯಾದರೆ ಐದು ನಿಮಿಷದ ಕೆಲಸ. ಹೀಟರ್ ಗಂಟೆಗಟ್ಟಲೆ ಉರಿಯುವ ಸಾಧನ. ಗಂಟೆಗಟ್ಟಲೆ ಓಡುವ ಲೋಡ್‌ಗೆ ಪ್ಲಗ್ಗಿನ ಮೇಲೆ ಬರೆದದ್ದರಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಹೊರೆ ಹಾಕಬಾರದು ಅಂತ ನಾನು ಹೇಳುತ್ತೇನೆ. 16ರಲ್ಲಿ ಮುಕ್ಕಾಲು ಅಂದರೆ 12 ಆಂಪ್, ನಿಮ್ಮ ಹೀಟರ್ ಅದರೊಳಗೆ ಆರಾಮಾಗಿ ಕೂರುತ್ತದೆ. ಕೊಳ್ಳುವಾಗ ಡಬ್ಬಿಯ ಮೇಲಿನ ದೊಡ್ಡ ಅಕ್ಷರ ನಂಬಬೇಡಿ. ಪ್ಲಗ್ಗಿನ ಮೈಮೇಲೆ ಸಣ್ಣದಾಗಿ ಅಚ್ಚಾಗಿರುವ ಆಂಪ್ ಎಷ್ಟು ಅಂತ ಓದಿ.

ಅಂಗಡಿಗಳಲ್ಲಿ ದೊಡ್ಡ ಪಿನ್ನನ್ನು ಸಣ್ಣ ಸಾಕೆಟ್‌ಗೆ ಸೇರಿಸುವ ಕನ್ವರ್ಟರ್ ಸಿಗುತ್ತದೆ. ಅದನ್ನು ಈ ಕೆಲಸಕ್ಕೆ ತರಲೇಬೇಡಿ. ಹೀಟರ್‌ಗೆ ದೊಡ್ಡ ಪಿನ್ ಕೊಟ್ಟಿರುವುದೇ 6 ಆಂಪಿನ ಸಾಕೆಟ್‌ಗೆ ಅದು ಹೋಗಬಾರದು ಅಂತ. ಎಕ್ಸ್‌ಟೆನ್ಷನ್ ಬಾಕ್ಸ್ ಕೂಡ ಬೇಡ. ಇನ್ವರ್ಟರ್ ಲೈನಿನ ಸಾಕೆಟ್‌ಗೆ ಹೀಟರ್ ಚುಚ್ಚುವ ಮಾತೇ ಇಲ್ಲ.

ಜನ ಕಡಿಮೆ ಯೋಚಿಸುವ, ನನಗೆ ಹೆಚ್ಚು ಭಯವಿರುವ ವಿಷಯ ಒಂದಿದೆ. ಅದು ಸಡಿಲ ಸಾಕೆಟ್. ವೈರಿನಲ್ಲಿ ಕರೆಂಟ್ ಹರಿಯುವಾಗ ಹುಟ್ಟುವ ಬಿಸಿ ಉದ್ದಕ್ಕೂ ಹಂಚಿಹೋಗುತ್ತದೆ. ಪಿನ್ನು ಮತ್ತು ಸಾಕೆಟ್ ಒಳಗಿನ ಹಿತ್ತಾಳೆ ಪಟ್ಟಿ ಒಂದಕ್ಕೊಂದು ತಾಗುವಲ್ಲಿ ಹಾಗಾಗುವುದಿಲ್ಲ. ವರ್ಷಗಟ್ಟಲೆ ಪಿನ್ ಹಾಕಿ ತೆಗೆದು ಆ ಪಟ್ಟಿಯ ಬಿಗಿ ಹೋಗಿರುತ್ತದೆ, ಮೇಲೆ ಕರಿ ಕಟ್ಟಿರುತ್ತದೆ. ಅಲ್ಲಿ ಒಂದು ಓಮ್‌ನ ಹತ್ತನೇ ಒಂದು ಭಾಗದಷ್ಟು ತಡೆ ಇದ್ದರೂ, 8.7 ಆಂಪ್ ಹರಿದಾಗ ಏಳೂವರೆ ವ್ಯಾಟ್ ಬಿಸಿ ಹುಟ್ಟುತ್ತದೆ. ಕೇಳೋಕೆ ಚಿಕ್ಕದು. ಆದರೆ ಅಷ್ಟೂ ಬಿಸಿ ಒಂದು ಕಡಲೆ ಕಾಳಿನಷ್ಟು ಜಾಗದಲ್ಲಿ, ಪ್ಲಾಸ್ಟಿಕ್ಕಿನ ನಡುವೆ, ಗಂಟೆಗಟ್ಟಲೆ ಕೂರುತ್ತದೆ. ಬಿಸಿಗೆ ಪಟ್ಟಿ ಇನ್ನಷ್ಟು ಸಡಿಲವಾಗುತ್ತದೆ, ತಡೆ ಇನ್ನಷ್ಟು ಏರುತ್ತದೆ. ಮೊದಲು ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕರಗುತ್ತದೆ.

ಕರೆಂಟ್ ಮಿತಿ ಮೀರಿದರೆ ತಾನಾಗಿ ಕಡಿಯುವ ಎಂಸಿಬಿ ಸ್ವಿಚ್ ಇದೆಯಲ್ಲ, ಟ್ರಿಪ್ ಆಗುತ್ತದೆ ಬಿಡಿ ಅಂತ ಎಷ್ಟೋ ಜನ ಹೇಳುತ್ತಾರೆ. ಆಗುವುದಿಲ್ಲ. ಎಂಸಿಬಿ ನೋಡುವುದು ಕರೆಂಟ್ ಎಷ್ಟು ಹರಿಯುತ್ತಿದೆ ಅಂತ. ಸಾಕೆಟ್ ಕರಗುತ್ತಿರುವಾಗಲೂ ಹರಿಯುತ್ತಿರುವುದು ಅದೇ 8.7 ಆಂಪ್. ಮೈಗೆ ಶಾಕ್ ಹೊಡೆಯುವುದನ್ನು ತಡೆಯುವ ಆರ್‌ಸಿಸಿಬಿಗೂ ಈ ಬಿಸಿ ಗೊತ್ತಾಗುವುದಿಲ್ಲ. ಸ್ಮಾರ್ಟ್ ಪ್ಲಗ್ ಹಾಕಿದಾಗ ಇಂಥ ಜೋಡಣೆ ಒಂದಿದ್ದದ್ದು ಎರಡಾಗುತ್ತದೆ. ಗೋಡೆಯ ಸಾಕೆಟ್‌ಗೂ ಪ್ಲಗ್‌ಗೂ ಒಂದು, ಪ್ಲಗ್‌ಗೂ ಹೀಟರ್‌ಗೂ ಇನ್ನೊಂದು. ಜೊತೆಗೆ ಆ ಪ್ಲಗ್ಗಿನ ಭಾರ, ಅದರಿಂದ ಜೋತುಬಿದ್ದ ದಪ್ಪ ವೈರಿನ ಭಾರ ಸೇರಿ ಪಿನ್ನನ್ನು ಕೆಳಕ್ಕೆ ಜಗ್ಗುತ್ತವೆ.

ಆದ್ದರಿಂದ ಪ್ಲಗ್ ಕೊಳ್ಳುವ ಮೊದಲು ಒಬ್ಬ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನನ್ನು ಮನೆಗೆ ಕರೆಸಿ. ಪಿ.ಜೆ. ಬಡಾವಣೆ, ಹಳೇಪೇಟೆ ಕಡೆಯ ಹಳೆಯ ಮನೆಗಳಲ್ಲಿ ಮರದ ಪಟ್ಟಿಯ ಮೇಲಿನ ವೈರಿಂಗ್, ಅಲ್ಯೂಮಿನಿಯಂ ವೈರ್ ಇನ್ನೂ ಉಳಿದಿರಬಹುದು. ಆ ಕೋಣೆಯ ಪವರ್ ಪಾಯಿಂಟ್‌ಗೆ ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ವೈರ್ ಬಂದಿದೆಯಾ ಅಂತ ಕೇಳಿ. ಲೈಟಿನ ಲೈನಿನಿಂದಲೇ ತೆಗೆದು ದೊಡ್ಡ ಸಾಕೆಟ್ ಕೂರಿಸಿದ ಮನೆಗಳೂ ಇವೆ. ನೋಡೋಕೆ ದೊಡ್ಡ ಸಾಕೆಟ್, ಹಿಂದೆ ಸಣ್ಣ ವೈರ್. ಸಾಕೆಟ್ ಹಳೆಯದಾಗಿದ್ದರೆ ಐಎಸ್‌ಐ ಗುರುತಿನ ಹೊಸ 16 ಆಂಪ್ ಸಾಕೆಟ್ ಹಾಕಿಸಿಬಿಡಿ. ಸ್ಮಾರ್ಟ್ ಪ್ಲಗ್ಗಿಗೆ ಕೊಡುವ ದುಡ್ಡಿಗಿಂತ ಈ ದುಡ್ಡು ನಿಮ್ಮ ಮನೆಯನ್ನು ಜಾಸ್ತಿ ಕಾಯುತ್ತದೆ. 30 ಮಿಲಿ ಆಂಪಿನ ಆರ್‌ಸಿಸಿಬಿ ಇಲ್ಲದಿದ್ದರೆ ಅದನ್ನೂ ಹಾಕಿಸಿ. ಅರ್ಥಿಂಗ್ ಪರೀಕ್ಷೆ ಮಾಡಿಸಿ. ನಮ್ಮದು ಮಳೆ ಕಡಿಮೆಯ ಸೀಮೆ. ನೆಲ ಒಣಗಿದಾಗ ಅರ್ಥಿಂಗ್ ಗುಂಡಿಯೂ ಒಣಗಿ ಕೆಲಸ ಕೆಡುತ್ತದೆ, ಆಗಾಗ ನೀರು ಹಾಕುತ್ತಿರಬೇಕು. ಚಿತ್ರದುರ್ಗದ ಕಡೆಯವರಿಗೆ ಈ ಮಾತು ಇನ್ನೂ ಹೆಚ್ಚು ಅನ್ವಯಿಸುತ್ತದೆ.

ಇದೆಲ್ಲ ಆದ ಮೇಲೆ ಒಂದು ಪರೀಕ್ಷೆ ಇದೆ, ನಿಮ್ಮ ತಂದೆಯವರೇ ಮಾಡಬಹುದು. ಹೀಟರ್ ಅರ್ಧ ಗಂಟೆ ಓಡಲಿ. ಗೋಡೆಯ ಸ್ವಿಚ್ ಆಫ್ ಮಾಡಿ, ಕೂಡಲೇ ಸ್ಮಾರ್ಟ್ ಪ್ಲಗ್ಗನ್ನೂ ಸಾಕೆಟ್‌ನ ಮುಖವನ್ನೂ ಹಿಂಗೈಯಿಂದ ಮುಟ್ಟಿ ನೋಡಲಿ. ಬೆಚ್ಚಗಿದ್ದರೆ ಸರಿ. ಕೈ ಇಡೋಕೆ ಆಗದಷ್ಟು ಸುಡುತ್ತಿದ್ದರೆ, ಸುಟ್ಟ ವಾಸನೆ ಇದ್ದರೆ, ಓಡುವಾಗ ಚಿಟಿಚಿಟಿ ಸದ್ದು ಬಂದಿದ್ದರೆ ಅಲ್ಲಿಗೇ ನಿಲ್ಲಿಸಿ. ವಾರಕ್ಕೊಮ್ಮೆ ಇದನ್ನು ಮಾಡುತ್ತಿರಿ.

ಹೀಟರನ್ನು 2000ದಲ್ಲಿ ಓಡಿಸಲೇಬೇಕು ಅಂತೇನೂ ಇಲ್ಲ. ಫ್ಯಾನ್ ಹೀಟರ್‌ಗಳಲ್ಲಿ ಸಾಮಾನ್ಯವಾಗಿ 1000 ವ್ಯಾಟಿನ ಹಂತ ಇರುತ್ತದೆ. ಅದರಲ್ಲಿ ಕರೆಂಟ್ ಅರ್ಧವಾಗುತ್ತದೆ, ಸಡಿಲ ಜೋಡಣೆಯಲ್ಲಿ ಹುಟ್ಟುವ ಬಿಸಿ ಕಾಲು ಭಾಗಕ್ಕೆ ಇಳಿಯುತ್ತದೆ. ನಮ್ಮಲ್ಲಿ ಚಳಿ ಅಂದರೂ ಶಿಮ್ಲಾದ ಚಳಿ ಅಲ್ಲ. ಹತ್ತು ಹನ್ನೆರಡು ಅಡಿಯ ಕೋಣೆಯ ಬಾಗಿಲು ಮುಚ್ಚಿ, ನಾಲ್ಕೈದು ಡಿಗ್ರಿ ಏರಿಸಲು 1000 ವ್ಯಾಟ್ ಸಾಕು. ಹೀಟರಿನ ಈ ಒಂದು ಗುಬ್ಬಿಯನ್ನು (ನಾಬ್) ತಿರುಗಿಸಿಟ್ಟರೆ ನಿಮ್ಮ ಅರ್ಧ ಚಿಂತೆ ಕಡಿಮೆಯಾಗುತ್ತದೆ.

ಈಗ ಪ್ಲಗ್ಗಿನ ಸೆಟ್ಟಿಂಗ್. ಆ್ಯಪ್ ತೆರೆದು, ಕರೆಂಟ್ ಹೋಗಿ ಬಂದಾಗ ಪ್ಲಗ್ ಯಾವ ಸ್ಥಿತಿಯಲ್ಲಿರಬೇಕು ಎಂಬ ಆಯ್ಕೆ ಹುಡುಕಿ. ಹೆಚ್ಚಿನವುಗಳಲ್ಲಿ ಆನ್, ಆಫ್, ಮೊದಲಿನ ಹಾಗೆ ಎಂಬ ಮೂರು ಇರುತ್ತವೆ. ನೀವು ಆಫ್ ಇಡಬೇಕು. ರಾತ್ರಿ ಹೀಟರ್ ಓಡುವಾಗ ಕರೆಂಟ್ ಹೋಯಿತು ಅಂತ ಇಟ್ಟುಕೊಳ್ಳಿ. ತಂಗಿ ಮಗುವನ್ನು ಎತ್ತಿಕೊಂಡು ಹಾಲ್‌ಗೆ ಬಂದರು, ಹೊದಿಕೆ ಎಲ್ಲೋ ಬಿತ್ತು. ಒಂದು ಗಂಟೆ ಬಿಟ್ಟು ಕರೆಂಟ್ ಬಂದಾಗ ಖಾಲಿ ಕೋಣೆಯಲ್ಲಿ ಹೀಟರ್ ತಾನಾಗಿ ಶುರುವಾಗಬಾರದು. ಆ ಆಯ್ಕೆಯೇ ಇಲ್ಲದ ಪ್ಲಗ್ ಆದರೆ ಹೀಟರ್‌ಗೆ ಅದು ಬೇಡ, ಟಿವಿಗೆ ಇಟ್ಟುಕೊಳ್ಳಿ.

ಎರಡನೆಯದು, ಆನ್ ಆದ ಮೇಲೆ ಇಷ್ಟು ನಿಮಿಷಕ್ಕೆ ತಾನಾಗಿ ಆಫ್ ಆಗುವ ಟೈಮರ್. 45 ನಿಮಿಷ ಇಡಿ. ಮತ್ತೆ ಬೇಕಾದರೆ ಕೋಣೆಯಲ್ಲಿ ಇರುವವರು ಪ್ಲಗ್ಗಿನ ಬಟನ್ ಒತ್ತಲಿ. ಈ ಟೈಮರ್ ಪ್ಲಗ್ಗಿನೊಳಗೇ ಓಡುತ್ತದೋ, ಇಂಟರ್‌ನೆಟ್‌ನಿಂದ ಆಜ್ಞೆ ಬರಬೇಕೋ ಅಂತ ಮೊದಲೇ ತಿಳಿದುಕೊಳ್ಳಬೇಕು. ಹೀಟರ್ ಬದಲು ಒಂದು ಟೇಬಲ್ ಲ್ಯಾಂಪ್ ಚುಚ್ಚಿ, ಐದು ನಿಮಿಷದ ಟೈಮರ್ ಇಟ್ಟು, ಮನೆಯ ವೈಫೈ ರೂಟರ್ ಆಫ್ ಮಾಡಿ. ಐದು ನಿಮಿಷಕ್ಕೆ ಲ್ಯಾಂಪ್ ಆರಿದರೆ ಸರಿ. ಆರಲಿಲ್ಲ ಅಂದರೆ, ನೆಟ್ ಹೋದ ರಾತ್ರಿ ನಿಮ್ಮ ಹೀಟರ್ ಉರಿಯುತ್ತಲೇ ಇರುತ್ತದೆ ಅಂತ ಅರ್ಥ. ಆಗ ನಿಮ್ಮ ಫೋನಿನಲ್ಲಿ ಆಫ್‌ಲೈನ್ ಅಂತ ಬರುತ್ತದೆ, ಬೇರೇನೂ ಮಾಡೋಕೆ ಆಗುವುದಿಲ್ಲ.

ಟೈಮರ್ ಇದ್ದರೂ ನಿಮ್ಮ ತಾಯಿಯವರು ಪೂರ್ತಿ ಅದರ ಮೇಲೆ ಭಾರ ಹಾಕಬಾರದು. ಪ್ಲಗ್ಗಿನೊಳಗೆ ರಿಲೇ ಎಂಬ ಚಿಕ್ಕ ಸ್ವಿಚ್ ಇರುತ್ತದೆ. ದೊಡ್ಡ ಲೋಡನ್ನು ಪದೇ ಪದೇ ಆನ್ ಆಫ್ ಮಾಡಿದಾಗ ಅದರ ತುದಿಗಳಲ್ಲಿ ಕಿಡಿ ಹಾರಿ, ಕೊನೆಗೆ ಎರಡು ತುದಿಗಳು ಬೆಸೆದುಕೊಂಡುಬಿಡಬಹುದು. ಆಮೇಲೆ ಆ್ಯಪ್ ಆಫ್ ಅಂತ ತೋರಿಸಿದರೂ ಹೀಟರ್ ಓಡುತ್ತಿರುತ್ತದೆ. ವ್ಯಾಟ್ ತೋರಿಸುವ ಪ್ಲಗ್ ತೆಗೆದುಕೊಂಡರೆ ಇಲ್ಲಿ ಒಂದು ಅನುಕೂಲ ಇದೆ. ಆಫ್ ಆದ ಮೇಲೆ ವ್ಯಾಟ್ ಸೊನ್ನೆಗೆ ಇಳಿಯಿತಾ ಅಂತ ನೀವು ಬೆಂಗಳೂರಿನಿಂದಲೇ ನೋಡಬಹುದು. ಇಳಿಯದಿದ್ದರೆ ಕೂಡಲೇ ಮನೆಗೆ ಫೋನ್ ಮಾಡಿ, ಗೋಡೆಯ ಸ್ವಿಚ್ ಆರಿಸಲು ಹೇಳಿ. ನಿಮಗೆ ನಿಜಕ್ಕೂ ಉಪಯೋಗವಾಗುವ ಕೆಲಸ ಇದು.

ಫ್ಯಾನ್ ಹೀಟರ್‌ನ ಒಂದು ಗುಣ ತಿಳಿದಿರಲಿ. ಪ್ಲಗ್ ಕರೆಂಟ್ ಕಡಿದಾಗ ಕಾದ ಕಾಯಿಲ್ ಜೊತೆಗೆ ಫ್ಯಾನೂ ನಿಲ್ಲುತ್ತದೆ, ಒಳಗಿನ ಬಿಸಿ ಅಲ್ಲೇ ಉಳಿಯುತ್ತದೆ. ಮನೆಯವರೇ ಆರಿಸುವಾಗ ಮೊದಲು ಬಿಸಿಯ ಗುಬ್ಬಿ ಇಳಿಸಿ, ಒಂದೆರಡು ನಿಮಿಷ ಬರೀ ಫ್ಯಾನ್ ಓಡಿಸಿ, ಆಮೇಲೆ ಗೋಡೆಯ ಸ್ವಿಚ್ ಆರಿಸುವುದು ಒಳ್ಳೆಯದು. ಪ್ಲಗ್ಗಿನ ಟೈಮರ್ ಮರೆತ ದಿನಕ್ಕಿರಲಿ. ಇನ್ನೂ ಹೀಟರ್ ಬದಲಿಸುವ ಅವಕಾಶ ಇದ್ದರೆ, ಮಗು ಇರುವ ಕೋಣೆಗೆ ಆಯಿಲ್ ತುಂಬಿದ ರೇಡಿಯೇಟರ್ ಹೀಟರ್ ಮೇಲು. ಅದರಲ್ಲಿ ಕೆಂಪಗೆ ಕಾಯುವ ಸರಳು ಹೊರಗೆ ಕಾಣುವುದಿಲ್ಲ, ಸದ್ದೂ ಇಲ್ಲ. ಯಾವುದೇ ಆದರೂ ಮಂಚ, ತೊಟ್ಟಿಲು, ಪರದೆಯಿಂದ ಕನಿಷ್ಠ ಒಂದು ಮೀಟರ್ ದೂರ ಇರಲಿ. ಗಾಳಿ ನೇರ ಮಗುವಿನ ಮುಖಕ್ಕೆ ಬಡಿಯಬಾರದು. ಎಲ್ಲರೂ ಮಲಗುವ ಮುನ್ನ ಆರಿಸಲಿ.

ಹಾಗಂತ ಹೀಟರ್ ಬೇಡ, ಹಳೇ ಕಾಲದ ಕೆಂಡವೇ ವಾಸಿ ಅಂತ ಯಾರಾದರೂ ಹಿರಿಯರು ಹೇಳಿದರೆ ದಯವಿಟ್ಟು ತಡೆಯಿರಿ. ಕರೆಂಟಿನ ಹೀಟರ್ ಕೋಣೆಯ ಆಮ್ಲಜನಕ ತಿನ್ನುವುದಿಲ್ಲ, ಗಾಳಿಯನ್ನು ಸ್ವಲ್ಪ ಒಣಗಿಸುತ್ತದೆ ಅಷ್ಟೇ. ಬಾಗಿಲು ಕಿಟಕಿ ಮುಚ್ಚಿದ ಬಾಣಂತಿ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ತಾಯಿ ಮಗುವಿನ ಕೋಣೆಗೆ ಅದು ಬರಲೇಬಾರದು.

ಗೀಸರ್ ವಿಷಯ ಸ್ವಲ್ಪ ಬೇರೆ. ಅದು ಗೋಡೆಗೆ ಕೂತಿದೆ, ಮೇಲೆ ಬಟ್ಟೆ ಬೀಳುವುದಿಲ್ಲ, ಒಳಗೆ ನೀರು ಕಾದ ಕೂಡಲೇ ಬಿಸಿ ನಿಲ್ಲಿಸುವ ಥರ್ಮೋಸ್ಟಾಟ್ ಇದೆ, ಅದು ಕೈಕೊಟ್ಟರೆ ಕರೆಂಟ್ ಕಡಿಯುವ ಕಟೌಟ್ ಇದೆ. ಹಾಗಾಗಿ 2000 ವ್ಯಾಟಿನ ಸ್ಟೋರೇಜ್ ಗೀಸರ್‌ಗೆ 16 ಆಂಪಿನ ಪ್ಲಗ್ ಹಾಕಬಹುದು. ಷರತ್ತು ಏನೆಂದರೆ ಸಾಕೆಟ್ ಬಚ್ಚಲ ಮನೆಯ ಹೊರಗಿರಬೇಕು, ಹಬೆ ನೀರು ತಾಗಬಾರದು. ಒಳಗಿದ್ದರೆ ಬೇಡ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ಕಾಯಿಸಲು 2000 ವ್ಯಾಟ್ ಸುಮಾರು 18 ನಿಮಿಷ ತೆಗೆದುಕೊಳ್ಳುತ್ತದೆ, 25 ನಿಮಿಷದ ಟೈಮರ್ ಇಟ್ಟರೆ ಧಾರಾಳ. 3000 ವ್ಯಾಟಿನ ಇನ್‌ಸ್ಟಂಟ್ ಗೀಸರ್ 13 ಆಂಪ್ ಎಳೆಯುತ್ತದೆ, ಅದಕ್ಕೆ ಪ್ಲಗ್ ಬೇಡ, ಗೋಡೆಯ 20 ಆಂಪಿನ ಸ್ವಿಚ್ಚೇ ಸರಿ. ಬೋರ್‌ವೆಲ್ ನೀರು ಬಳಸುತ್ತಿದ್ದರೆ ಕಾಯಿಲ್ ಮೇಲೆ ಉಪ್ಪು ಕಟ್ಟುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ತೊಳೆಸಿ.

ಬಕೆಟ್ ಕಾಯಿಲ್‌ಗೆ ಯಾಕೆ ಬೇಡ? ನೀರಿಲ್ಲದ ಬಕೆಟ್‌ನಲ್ಲಿ ಅದು ಆನ್ ಆದರೆ ಪ್ಲಾಸ್ಟಿಕ್ ಕರಗಿ ಬೆಂಕಿ ಹತ್ತುತ್ತದೆ. ಅದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಅಪಾಯ ಇನ್ನೊಂದಿದೆ. ಅನೇಕ ಸ್ಮಾರ್ಟ್ ಪ್ಲಗ್‌ಗಳು ಎರಡು ವೈರುಗಳಲ್ಲಿ ಒಂದನ್ನು ಮಾತ್ರ ಕಡಿಯುತ್ತವೆ. ನಮ್ಮ ಸಾಕೆಟ್‌ನಲ್ಲಿ ಅರ್ಥ್ ಮೇಲಿದ್ದಾಗ ಬಲಗಡೆ ಫೇಸ್ (ಮುಟ್ಟಿದರೆ ಶಾಕ್ ಹೊಡೆಯುವ ವೈರ್), ಎಡಗಡೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರ್) ಇರಬೇಕು. ವೈರಿಂಗ್ ಮಾಡಿದವರು ಅದನ್ನು ಅದಲು ಬದಲು ಮಾಡಿದ್ದರೆ ಪ್ಲಗ್ ಕಡಿಯುವುದು ನ್ಯೂಟ್ರಲ್ ಅನ್ನು. ಆ್ಯಪ್‌ನಲ್ಲಿ ಆಫ್, ಕಾಯಿಲ್ ಬಿಸಿಯೂ ಆಗುತ್ತಿಲ್ಲ, ಆದರೆ ಅದರ ತನಕ ಫೇಸ್ ಬಂದು ನಿಂತಿರುತ್ತದೆ. ಕಾಯಿಲ್ ಹಳೆಯದಾಗಿ ಎಲ್ಲಾದರೂ ಸೀಳಿದ್ದರೆ ಆ ನೀರು ಮುಟ್ಟಿದವರ ಗತಿ ಏನು? ಕಾಯಿಲ್ ಬಳಸಲೇಬೇಕಾದರೆ ಪಕ್ಕದಲ್ಲಿ ನಿಂತು ಬಳಸಲಿ. ಗೋಡೆಯ ಸ್ವಿಚ್ ಆರಿಸಿ, ಪಿನ್ ಕಿತ್ತು, ಆಮೇಲೆಯೇ ನೀರಿಗೆ ಕೈ ಹಾಕಲಿ. ಬರುವ ಎಲೆಕ್ಟ್ರಿಷಿಯನ್‌ಗೆ ಪ್ರತಿ ಸಾಕೆಟ್‌ನ ಫೇಸ್ ಯಾವ ಕಡೆ ಇದೆ ಅಂತ ಟೆಸ್ಟರ್ ಇಟ್ಟು ನೋಡಲು ಹೇಳಿ, ಐದು ನಿಮಿಷದ ಕೆಲಸ.

ಎಲ್ಲಾದರೂ ಸಾಕೆಟ್‌ನಿಂದ ಹೊಗೆ ಬಂದರೆ ಪ್ಲಗ್ ಕೀಳಲು ಕೈ ಹಾಕಬಾರದು, ನೀರು ಎರಚಬಾರದು. ಮೊದಲು ಮೇನ್ ಆರಿಸಬೇಕು. ಮೇನ್ ಎಲ್ಲಿದೆ ಅಂತ ತಂಗಿಗೂ ತೋರಿಸಿಡಿ. ಬೆಂಕಿ ಹತ್ತಿದರೆ ಎಲ್ಲರೂ ಹೊರಗೆ ಬಂದು 112ಕ್ಕೆ ಫೋನ್ ಮಾಡಲಿ. ಕಂಬದಿಂದ ಮೀಟರ್‌ವರೆಗಿನ ತೊಂದರೆಗೆ ಬೆಸ್ಕಾಂನ 1912 ಇದೆ.

ಕೊನೆಗೆ ಬಿಲ್. 2000 ವ್ಯಾಟ್ ದಿನಕ್ಕೆ ಮೂರು ಗಂಟೆ ಓಡಿದರೆ 6 ಯೂನಿಟ್, ತಿಂಗಳಿಗೆ 180. ಯೂನಿಟ್‌ಗೆ ಸುಮಾರು 6 ರೂಪಾಯಿ ಹಿಡಿದರೆ ಸಾವಿರದ ಎಂಬತ್ತು ರೂಪಾಯಿ. ಆದರೆ ನಿಮ್ಮ ಮನೆ ಗೃಹಜ್ಯೋತಿಯಲ್ಲಿದ್ದರೆ ಲೆಕ್ಕ ಬೇರೆ. ನಿಮಗೆ ನಿಗದಿಯಾದ ಯೂನಿಟ್ ದಾಟಿದರೆ ಹೆಚ್ಚಾದದ್ದಕ್ಕೆ ದುಡ್ಡು ಕಟ್ಟಬೇಕು, 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಕಟ್ಟಬೇಕು. ಹೀಟರ್ ಒಂದೇ 180 ತಿಂದರೆ ಫ್ರಿಜ್, ಗೀಸರ್ ಸೇರಿ 200 ದಾಟುವುದು ಖಂಡಿತ. 1000 ವ್ಯಾಟಿನಲ್ಲಿ ದಿನಕ್ಕೆ ಎರಡು ಗಂಟೆ ಓಡಿಸಿದರೆ ತಿಂಗಳಿಗೆ 60 ಯೂನಿಟ್ಟಿನಲ್ಲಿ ಮುಗಿಯುತ್ತದೆ. ವ್ಯಾಟ್ ತೋರಿಸುವ ಪ್ಲಗ್ ಇದ್ದರೆ ಹೀಟರ್ ತಿಂದ ಯೂನಿಟ್ ದಿನದಿನವೂ ಆ್ಯಪ್‌ನಲ್ಲಿ ಸಿಗುತ್ತದೆ. ಮೊದಲ ವಾರದ ಲೆಕ್ಕವನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿ, ದಿನಕ್ಕೆ ಎಷ್ಟು ಹೊತ್ತು ಹಚ್ಚಬೇಕು ಅಂತ ಇಬ್ಬರೂ ಕೂಡಿ ತೀರ್ಮಾನ ಮಾಡಿಕೊಳ್ಳಿ.